ನಕ್ಷೆಯಲ್ಲಿ ನಮ್ಮ ಕೇರಿ ಎಲ್ಲೈತಿ?



ಬರಹ ಸ್ವಲ್ಪ ಉದ್ದ ಐತಿ. ಪುರುಸೊತ್ತು ಮಾಡ್ಕೊಂಡು ಓದ್ರಿ.

ನಮ್ಮ ಸಂಜೆ ಶಾಲೆ ಬಗ್ಗೆ ಸಂಘಟನೆಯ ಹಿರಿಯರು, ಗೆಳೆಯರು ಪದೇ ಪದೇ ಕೇಳುವ ಪ್ರಶ್ನೆ ಒಂದೇ. "ಅಲ್ಲೋ ತಮ್ಮಾ, ಕೇರಿ ಹುಡುಗ್ರಿಗೆ ಇಂಗ್ಲಿಷ್ ಕಲಸು, ಗಣಿತ ಕಲಸು, ಸಂವಿಧಾನ ಕಲಸು. ಭೂಗೋಳ ಯಾಕ ಹಿಡ್ಕೊಂಡು ಕುಂತಿ?"

2023ರಿಂದ ನಮ್ಮ ರಾಜ್ಯದ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆ ಓದಿಸ್ತಾರ. ಬಹಳ ಛಲೋ ಕೆಲಸ. ನಮ್ಮ ಹುಡುಗರಿಗೆ ಅದು ಬಾಯಿಪಾಠ ಆಗೈತಿ. ಆದರೆ ಅದೇ ಹುಡುಗನನ್ನ ಕರೆದು, "ಪೀಠಿಕೆಯೊಳಗ ಸಮಾನತೆ ಅಂತ ಐತೆಲ್ಲಾ, ಅದು ನಿಮ್ಮೂರಾಗ ಎಲ್ಲೀತನಕ ಬಂದೈತಿ?" ಅಂತ ಕೇಳಿ ನೋಡ್ರಿ. ಆ ಪ್ರಶ್ನೆಗೆ ಉತ್ತರ ಪೀಠಿಕೆಯಲ್ಲಿ ಸಿಗೋದಿಲ್ಲ. ಊರಿನ ನಕ್ಷೆಯಲ್ಲಿ ಸಿಗತೈತಿ. ನಳದ ಪೈಪು ಎಲ್ಲಿಗೆ ನಿಂತಿತು, ಸಿಮೆಂಟ್ ರಸ್ತೆ ಎಲ್ಲಿಗೆ ಮುಗಿಯಿತು, ಇಡೀ ಊರಿನ ಗಟಾರ ಯಾವ ಓಣಿ ಕಡೆ ಇಳಿಯಿತು, ಇದನ್ನೆಲ್ಲ ಓದುವ ವಿದ್ಯೆಗೇ ಭೂಗೋಳ ಅಂತ ಹೆಸರು. ಅದಕ್ಕ ನಾನು ಭೂಗೋಳ ಬಿಡೋದಿಲ್ಲ.

ಶಾಲೆಯಲ್ಲಿ ಭೂಗೋಳ ಕಲಿಸುವ ಕ್ರಮ ನಿಮಗೆಲ್ಲ ಗೊತ್ತಿದ್ದದ್ದೇ. ಐದನೇ ಇಯತ್ತೆವರೆಗೆ ಅದಕ್ಕೆ ಭೂಗೋಳ ಅನ್ನೋ ಹೆಸರೇ ಇರೋದಿಲ್ಲ, ಪರಿಸರ ಅಧ್ಯಯನ ಅಂತಾರೆ. ಆರನೆಯದಕ್ಕೆ ಹೋದಾಗ ಸಮಾಜ ವಿಜ್ಞಾನದ ಪುಸ್ತಕದಲ್ಲಿ ಅದು ತನ್ನ ಹೆಸರಿನಿಂದಲೇ ಬರುತ್ತದೆ. ಮೊದಲು ನನ್ನ ಮನೆ, ಆಮೇಲೆ ನೆರೆಹೊರೆ, ಆಮೇಲೆ ಊರು, ತಾಲೂಕು, ಜಿಲ್ಲೆ, ರಾಜ್ಯ, ದೇಶ, ಕಡೆಗೆ ಜಗತ್ತು. ಹತ್ತಿರದ್ದರಿಂದ ದೂರಕ್ಕೆ, ಕಂಡದ್ದರಿಂದ ಕಾಣದ್ದಕ್ಕೆ.

ಈ ಕ್ರಮ ನಿನ್ನೆ ಮೊನ್ನೆಯದಲ್ಲ. ಸುಮಾರು ಎರಡು ನೂರು ವರ್ಷದ ಹಿಂದೆ ಸ್ವಿಟ್ಜರ್ಲೆಂಡಿನ ಇವರ್ಡನ್ ಅನ್ನೋ ಊರಿನಲ್ಲಿ ಪೆಸ್ತಲೋಜಿ ಅಂತ ಒಬ್ಬ ಗುರು ಶಾಲೆ ನಡೆಸುತ್ತಿದ್ದ. ಅಲ್ಲಿಯ ಮಕ್ಕಳಿಗೆ ಮೊದಲು ನಕ್ಷೆ ತೋರಿಸುತ್ತಿರಲಿಲ್ಲ. ಹತ್ತಿರದ ಕಣಿವೆಗೆ ಕರ್ಕೊಂಡು ಹೋಗಿ ಅಡ್ಡಾಡಿಸುತ್ತಿದ್ದರು. ವಾಪಸ್ ಬರುವಾಗ ಮಕ್ಕಳು ಅಲ್ಲಿಯ ಜೇಡಿಮಣ್ಣು ಹೊತ್ಕೊಂಡು ಬಂದು, ಮೇಜಿನ ಮೇಲೆ ಆ ಕಣಿವೆಯನ್ನೇ ಮಾಡುತ್ತಿದ್ದರು. ಮಣ್ಣಿನ ಮಾದರಿ ಆದ ಮೇಲೆಯೇ ಕಾಗದದ ನಕ್ಷೆ. ಕಾರ್ಲ್ ರಿಟ್ಟರ್ ಅನ್ನೋ ದೊಡ್ಡ ಭೂಗೋಳ ಪಂಡಿತ ಆ ಶಾಲೆ ನೋಡಿ ಬಹಳ ಕಲಿತ. ಇವತ್ತು ನಮ್ಮ ನಲಿ-ಕಲಿ ತರಗತಿಯಲ್ಲಿ ಮಕ್ಕಳು ನೆಲದ ಮೇಲೆ ಕೂತು ಕಾರ್ಡು ಹಿಡಿದು ಕಲಿಯುವುದರಲ್ಲೂ, ಮುಟ್ಟಿ ನೋಡಿ ಮಾಡಿ ಕಲಿ ಅನ್ನುವ ಅದೇ ಮಾತು ಐತಿ.

ಕ್ರಮ ಸರಿ ಐತಿ. ನನ್ನ ತಕರಾರು ಬೇರೆ.

"ಹತ್ತಿರದ್ದು ಮಗುವಿಗೆ ಗೊತ್ತಿರುತ್ತದೆ, ಸಲೀಸಾಗಿರುತ್ತದೆ" ಅಂತ ಈ ಕ್ರಮ ಮೊದಲೇ ನಂಬಿಕೊಂಡೈತಿ. ಯಾರ ಮಗುವಿಗೆ? ಅಗಸಿಯೊಳಗೆ ಹುಟ್ಟಿದ ಮಗುವಿಗೆ ಊರೆಲ್ಲ ಊರೇ. ನಮ್ಮ ಮಗುವಿಗೆ ಊರು ಅಂದರೆ ಯಾವ ಓಣಿಯಲ್ಲಿ ಚಪ್ಪಲಿ ಬಿಡಬೇಕು, ಯಾವ ಗುಡಿಯ ಕಟ್ಟೆಗೆ ಕೂಡಬಾರದು, ಯಾವ ಹೋಟೆಲಿನಲ್ಲಿ ಹೊರಗೇ ನಿಂತು ಚಾ ಕುಡಿಯಬೇಕು ಅನ್ನುವ ಲೆಕ್ಕ. ಈಗ ಬಹಳ ಬದಲಾಗೈತಿ ಅಂತೀರಿ, ಹೌದು, ಆಗೈತಿ. ಆದರೂ ಐದು ವರ್ಷದ ಕೂಸಿಗೆ ಅವರವ್ವ ಈಗಲೂ ಹೇಳೋ ಮೊದಲ ಭೂಗೋಳ ಪಾಠ, "ಆ ಕಡೆ ಹೋಗಬ್ಯಾಡ" ಅನ್ನೋದೇ. ನಮಗೆ ದೂರದ ಲಂಡನ್ ಸಲೀಸು. ಹತ್ತಿರದ ಬಾವಿಕಟ್ಟಿಯೇ ಕಠಿಣ.

ನಾನು ನಾಲ್ಕನೇ ಇಯತ್ತೆ ಇದ್ದಾಗ ನಮ್ಮದು ಇನ್ನೂ ವಿಜಾಪುರ ಜಿಲ್ಲೆ. ಬಾಗಲಕೋಟೆ ಜಿಲ್ಲೆ ಆಗಿದ್ದು 1997ರಲ್ಲಿ. ಒಂದು ದಿನ ಮಾಸ್ತರು ಬೋರ್ಡಿನ ಮೇಲೆ ನಮ್ಮೂರಿನ ನಕ್ಷೆ ಬಿಡಿಸಿದರು. ಹಣಮಂದೇವರ ಗುಡಿ, ಚಾವಡಿ, ಗೌಡರ ವಾಡೆ, ಸಂತಿ ಬಯಲು, ಸಾಲಿ, ಹಳ್ಳ. ಹಳ್ಳದ ದಂಡೆಗೆ ಬಂದು ಗೆರೆ ನಿಂತಿತು. ನಮ್ಮ ಕೇರಿ ಇದ್ದದ್ದು ಹಳ್ಳದ ಆಚೆ. ನನ್ನ ಬಾಜೂಕ್ಕ ಕುಂತಿದ್ದ ನಮ್ಮ ಕಾಕಾನ ಮಗ ಎದ್ದು, "ಸರ್ರ, ನಮ್ಮ ಓಣಿ?" ಅಂದ. ಅವರು ಸಿಟ್ಟೇನೂ ಮಾಡಲಿಲ್ಲ. "ಬೋರ್ಡ್‌ನ್ಯಾಗ ಜಾಗಾ ಸಾಲಲಿಲ್ಲಪಾ" ಅಂದರು. ನಾವು ಅದೇ ನಕ್ಷೆ ಪಾಟಿ ಮೇಲೆ ತೆಗೆದು, ಸರಿ ಗುರುತು ಹಾಕಿಸಿಕೊಂಡು ಮನೆಗೆ ಬಂದೆವು. ನಾವಿಲ್ಲದ ನಮ್ಮೂರಿಗೆ ಹತ್ತಕ್ಕೆ ಹತ್ತು ಮಾರ್ಕ್ಸು.

ಇದನ್ನು ಒಬ್ಬ ಮಾಸ್ತರರ ತಪ್ಪು ಅಂತ ಹೇಳ್ತಿಲ್ಲ. ಜಾಗಾ ಸಾಲದೇ ಇರುವುದು ಬಹಳ ಹಳೇ ಮಾತು. 1856ರಲ್ಲಿ ಇಲ್ಲೇ ನಮ್ಮ ಬಾಜೂಕಿನ ಧಾರವಾಡದಲ್ಲಿ ಒಬ್ಬ ಮಹಾರ ಹುಡುಗ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಅರ್ಜಿ ಹಾಕಿದ. ಮುಂಬಯಿ ಸರ್ಕಾರ ಆಗೋದಿಲ್ಲ ಅಂದಿತು. ಒಬ್ಬನ ಸಲುವಾಗಿ ಉಳಿದವರೆಲ್ಲ ಶಾಲೆ ಬಿಟ್ಟಾರು ಅನ್ನುವುದು ಅವರ ವಾದ. ಆ ಅರ್ಜಿ ಮುಂದೆ ಲಂಡನ್ ತನಕ ಹೋಗಿ, ಸರ್ಕಾರಿ ಶಾಲೆ ಎಲ್ಲರಿಗೂ ತೆರೆದಿರಬೇಕು ಅನ್ನುವ ಮಾತಿಗೆ ಕಾರಣ ಆಯಿತು. ಬಾಬಾಸಾಹೇಬರು ಈ ಪ್ರಕರಣವನ್ನು ತಮ್ಮ ಬರಹದಲ್ಲಿ ಎತ್ತಿ ಹೇಳಿದ್ದಾರೆ. ಆ ಹುಡುಗನಿಗೆ ಶಾಲೆಯೊಳಗೆ ಜಾಗಾ ಸಿಗಲಿಲ್ಲ. ನಮಗೆ ಶಾಲೆಯೊಳಗೆ ಜಾಗಾ ಸಿಕ್ಕಿತು, ನಕ್ಷೆಯೊಳಗೆ ಸಿಗಲಿಲ್ಲ. ನಮ್ಮ ಮಕ್ಕಳ ಪಾಳಿಗೆ ಅದೂ ಆಗಬೇಕು.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ಭೂಗೋಳ ನಮಗೆ ಯಾರೋ ಹೊರಗಿನಿಂದ ತಂದು ಕಲಿಸಬೇಕಾದ ವಿದ್ಯೆ ಅಲ್ಲವೇ ಅಲ್ಲ.

1873ರಲ್ಲಿ ಮೆಕೆಂಜಿ ಅನ್ನುವ ಬ್ರಿಟಿಷ್ ಅಧಿಕಾರಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಮೈಸೂರು ಸೀಮೆಯ ಕುಳವಾಡಿಗಳ ಬಗ್ಗೆ ಬರೆದಿದ್ದಾನೆ. ಕುಳವಾಡಿ ಅಂದರೆ ಊರಿನ ಹೊಲೆಯ ಸೇವಕ. ಎರಡು ಊರ ನಡುವೆ ಗಡಿ ತಂಟೆ ಬಂದರೆ ಪ್ರಮಾಣ ಮಾಡಿ ಗಡಿ ತೋರಿಸುವ ಅಧಿಕಾರ ಅವನೊಬ್ಬನದೇ. ಊರ ಮಣ್ಣಿನ ಉಂಡೆ ಮಾಡಿ, ನಡುವೆ ನೀರಿಟ್ಟು, ಅದನ್ನು ತಲೆ ಮೇಲೆ ಹೊತ್ತು ಅವನು ಗಡಿ ನಡೆಯಬೇಕು. ಸರಿಯಾದ ಗಡಿಯಲ್ಲಿ ನಡೆದರೆ ಉಂಡೆ ಗಟ್ಟಿ ಇರುತ್ತದೆ, ತಪ್ಪಿದರೆ ಒಡೆಯುತ್ತದೆ ಅನ್ನುವುದು ನಂಬಿಕೆ. ನಮ್ಮ ಮುಂಬಯಿ ಸೀಮೆಯಲ್ಲೂ ಗಡಿ ತಂಟೆಗೆ ಮಹಾರನ ಸಾಕ್ಷಿಯೇ ದೊಡ್ಡದು.

ನೋಡ್ರಿ, ಊರ ಗೌಡ, ಊರ ಕುಲಕರ್ಣಿ ಎಲ್ಲ ಇದ್ದರೂ ಊರು ಎಲ್ಲಿಗೆ ಮುಗಿಯುತ್ತದೆ ಅಂತ ಗೊತ್ತಿದ್ದದ್ದು ಊರ ಹೊರಗಿನವನಿಗೆ! ಯಾಕಂದರೆ ಸತ್ತ ದನ ಹೊತ್ತು, ಚೀಟಿ ಹೊತ್ತು, ಸಾವಿನ ಸುದ್ದಿ ಹೊತ್ತು ಹಗಲೂ ರಾತ್ರಿ ಆ ನೆಲ ತುಳಿದವನು ಅವನೇ. ಇಡೀ ಊರನ್ನು ಬಲ್ಲವನಿಗೆ ಊರೊಳಗೆ ಮನೆ ಇರಲಿಲ್ಲ.

ಆ ಕಾಲ ಚಲೋ ಇತ್ತು ಅಂತ ನಾನು ಹೇಳ್ತಿಲ್ಲ. ಆ ಜ್ಞಾನದ ಜೊತೆ ಬಿಟ್ಟಿ ಚಾಕರಿ ಕಟ್ಟಿಹಾಕಿದ್ದರು. ಬಾಬಾಸಾಹೇಬರು 1928ರಲ್ಲೇ ಮುಂಬಯಿ ಶಾಸನ ಸಭೆಯಲ್ಲಿ ಮಹಾರ ವತನದ ವಿರುದ್ಧ ಮಸೂದೆ ತಂದರು. ಮುಂದೆ ಕಾಯ್ದೆಯ ಮೂಲಕ ವತನ ಹೋಯಿತು. ವತನ ಹೋದದ್ದು ಛಲೋ ಆಯಿತು. ಆದರೆ ಅದರ ಜೊತೆ ನೆಲದ ಜ್ಞಾನವೂ ನಮ್ಮ ಅಜ್ಜಂದಿರ ಜೊತೆ ಮಣ್ಣಾಗಬಾರದು. ಚಾಕರಿ ಬಿಡಬೇಕು, ಜ್ಞಾನ ಹಿಡೀಬೇಕು. ಸಂಜೆ ಶಾಲೆಯಲ್ಲಿ ನಾವು ಮಾಡಲು ನೋಡುತ್ತಿರುವುದು ಇಷ್ಟೇ.

ಈಗ ಕೆಲಸಕ್ಕೆ ಬರ್ತೀನಿ. ನಾವು ಇಯತ್ತೆ ಪ್ರಕಾರ ಏನು ಮಾಡ್ತೀವಿ ಅಂತ ಹೇಳ್ತೀನಿ. ನಿಮ್ಮ ನಿಮ್ಮ ಕೇರಿಯಲ್ಲಿ ಯಾರಾದರೂ ಮಾಡಲಿ ಅನ್ನೋದೇ ಈ ಪೋಸ್ಟಿನ ಉದ್ದೇಶ.

ಒಂದು, ಎರಡನೇ ಇಯತ್ತೆ. ಇವರಿಗೆ ನಕ್ಷೆ ಇಲ್ಲ. ದಿಕ್ಕು ಮತ್ತು ಮಾತು. ನಮ್ಮ ಆಯಿಗಳು ಈಗಲೂ "ಮೂಡಲ ಮನಿ, ಪಡುವಲ ಹೊಲ" ಅಂತ ಮಾತಾಡ್ತಾರ. ಮಗು ಶಾಲೆಯಲ್ಲಿ ಪೂರ್ವ, ಪಶ್ಚಿಮ ಅಂತ ಕಲೀತಾವ. ಎರಡೂ ಒಂದೇ ಅಂತ ಯಾರೂ ಹೇಳಿಕೊಡೋದಿಲ್ಲ. ನಾವು ಹೇಳಿಕೊಡ್ತೀವಿ. ಆಯಿ ಅಕ್ಷರ ಕಲಿತಿಲ್ಲದಿದ್ದರೂ ಭೂಗೋಳ ಬಲ್ಲಳು ಅನ್ನುವುದು ಮಗುವಿಗೆ ಅಲ್ಲೇ ತಿಳಿಯುತ್ತದೆ. ಎರಿ ಮಣ್ಣು, ಮಸಾರಿ ಮಣ್ಣು ಎರಡನ್ನೂ ತಂದು ನೀರು ಹಾಕಿ ಉಂಡೆ ಕಟ್ಟಿಸ್ತೀವಿ. ಯಾವುದು ಅಂಟತೈತಿ, ಯಾವುದು ಉದುರತೈತಿ, ಮಳೆ ಬಂದಾಗ ಯಾವ ಹಾದಿಯಲ್ಲಿ ಕಾಲು ಹುಗಿತಾವ? ಇವರಿಗೆ ಇಷ್ಟು ಸಾಕು.

ಮೂರನೇ ಇಯತ್ತೆ. ಇಲ್ಲಿ ಅಳತೆ ಶುರು. ಮೊದಲು ಹೆಜ್ಜೆ. ಮನೆಯಿಂದ ನಳಕ್ಕೆ ಎಷ್ಟು ಹೆಜ್ಜೆ, ಅಂಗನವಾಡಿಗೆ ಎಷ್ಟು, ರೇಶನ್ ಅಂಗಡಿಗೆ ಎಷ್ಟು. ಒಬ್ಬೊಬ್ಬರ ಲೆಕ್ಕ ಒಂದೊಂದು ಥರ ಬಂದು ಜಗಳ ಆಗುತ್ತದೆ. ಜಗಳ ಆಗಲಿ ಬಿಡ್ರಿ. ಆ ಜಗಳದಿಂದಲೇ ಟೇಪು ಯಾಕೆ ಬೇಕು, ಮೀಟರ್ ಯಾಕೆ ಬೇಕು ಅಂತ ತಿಳಿಯೋದು. ಆಮೇಲೆ ಹತ್ತು ಮೀಟರಿಗೆ ಒಂದು ಬೆಂಕಿಪೊಟ್ಟಣದ ಕಡ್ಡಿ ಅಂತ ನೆಲದ ಮೇಲೆ ಕಡ್ಡಿ ಜೋಡಿಸ್ತಾರ. ಅಲ್ಲಿಗೆ ಪ್ರಮಾಣದ ಪಾಠ ಮುಗಿಯಿತು, ಆ ಶಬ್ದ ಆಮೇಲೆ ಬಂದರೂ ನಡೀತೈತಿ.

ನಾಲ್ಕನೇ ಇಯತ್ತೆ. ಊರಿನ ನಕ್ಷೆ. ಇದನ್ನು ನಾವು ಒಬ್ಬರೇ ಮಾಡಲಿಲ್ಲ, ಊರ ಶಾಲೆಯ ಅಕ್ಕೋರು ಒಬ್ಬರು ಜೊತೆಗೆ ನಿಂತರು. ಮಕ್ಕಳನ್ನು ಅವರವರ ಓಣಿ ಪ್ರಕಾರ ಗುಂಪು ಮಾಡಿ, "ನಿಮಗ ಗೊತ್ತಿರೋ ಊರು ಬಿಡಸ್ರಿ" ಅಂದರು. ಊರೊಳಗಿನ ಹುಡುಗರು ಗುಡಿ, ಅಗಸಿ, ಬಸವಣ್ಣನ ಕಟ್ಟೆ, ಸೊಸೈಟಿ, ಹಾಲಿನ ಡೇರಿ ಬಿಡಿಸಿದರು. ನಮ್ಮ ಹುಡುಗರು ನಳ, ಗಟಾರ, ಕಬ್ಬಿನ ಗ್ಯಾಂಗಿನ ಟೆಂಟು, ಸಾರಾಯಿ ಅಂಗಡಿ, ಹಳ್ಳ, ಇಟ್ಟಂಗಿ ಭಟ್ಟಿ, ಸುಡುಗಾಡು ಬಿಡಿಸಿದರು. ಎರಡೂ ಹಾಳೆ ಬಾಜೂಕ್ಕ ಬಾಜೂ ಇಟ್ಟರೆ ಬೇರೆ ಬೇರೆ ಊರಿನವು ಅನಿಸಬೇಕು. ಎರಡರಲ್ಲೂ ಇದ್ದದ್ದು ಎರಡೇ, ಸಾಲಿ ಮತ್ತು ಬಸ್‌ಸ್ಟ್ಯಾಂಡು.

ಅಕ್ಕೋರು ಭಾಷಣ ಮಾಡಲಿಲ್ಲ. ಎರಡೂ ನಕ್ಷೆ ಸೇರಿಸಿ ಒಂದು ದೊಡ್ಡ ಹಾಳೆಯ ಮೇಲೆ ಬಿಡಿಸ್ರಿ ಅಂದರು, ಅಷ್ಟೇ. ಊರೊಳಗಿನ ಒಬ್ಬ ಹುಡುಗಿ ನಮ್ಮ ಹುಡುಗರಿಗೆ, "ನಿಮ್ಮ ಸುಡುಗಾಡ ಇಷ್ಟು ದೂರ ಯಾಕೈತಿ? ಹಾದೀನ ಇಲ್ಲಲ್ಲ?" ಅಂತ ಕೇಳಿದಳು. ಒಂಬತ್ತು ವರ್ಷದ ಕೂಸು ಕೇಳಿದ ಆ ಪ್ರಶ್ನೆಯನ್ನು ನಮ್ಮ ಪಂಚಾಯ್ತಿಯಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲ.

ನಮ್ಮ ಸುಡುಗಾಡಿಗೆ ಹಾದಿ ಇಲ್ಲ ಅನ್ನುವುದು ನಮಗೆಲ್ಲ ಗೊತ್ತಿದ್ದದ್ದೇ. ಮಳೆಗಾಲದಲ್ಲಿ ಹೆಣ ಹೊತ್ಕೊಂಡು ಕಬ್ಬಿನ ಹೊಲದ ಬದುವಿನ ಮೇಲೆ ಹೋಗಬೇಕು. ಹೊಲದವರು ಒಮ್ಮೆ ಬಿಡ್ತಾರ, ಒಮ್ಮೆ ಬಿಡೋದಿಲ್ಲ. ನಮ್ಮ ಹುಡುಗರು ಟೇಪು ಹಿಡಿದು ಅಳೆದರು. ಕೇರಿಯಿಂದ ಸುಡುಗಾಡಿಗೆ 870 ಮೀಟರ್. ಅದರಲ್ಲಿ 310 ಮೀಟರ್ ಖಾಸಗಿ ಹೊಲದೊಳಗೆ. ಸರ್ವೆ ಇಲಾಖೆಯ ಗ್ರಾಮ ನಕ್ಷೆಯ ಪ್ರತಿ ತೆಗೆಸಿ ನೋಡಿದರೆ ಅಲ್ಲೊಂದು ಹಳೇ ಬಂಡಿದಾರಿಯ ಗುರುತು ಐತಿ! ಈಗ ಅದು ಕಬ್ಬಿನ ಸಾಲಿನೊಳಗೆ ಕಾಣೆ. ಮಕ್ಕಳ ನಕ್ಷೆ, ಸರ್ಕಾರದ ನಕ್ಷೆ ಎರಡನ್ನೂ ಹಚ್ಚಿ ಗ್ರಾಮಸಭೆಯಲ್ಲಿ ಅರ್ಜಿ ಕೊಟ್ಟೆವು. ಠರಾವಿನಲ್ಲಿ ಬರೆದುಕೊಂಡರು. ತಹಶೀಲ್ದಾರ್ ಕಚೇರಿಗೂ ಹೋಗೈತಿ.

ಹಾದಿ ಇನ್ನೂ ಆಗಿಲ್ಲ. ಸುಳ್ಳು ಹೇಳಿ ಖುಷಿಪಡಿಸೋದಿಲ್ಲ ನಿಮಗೆ. ಆದರೆ ಮೊದಲೆಲ್ಲ "ನಮಗ ಹಾದಿ ಇಲ್ರಿ" ಅಂತ ಕೈಮುಗಿದು ನಿಲ್ಲುತ್ತಿದ್ದೆವು, ಅವರು "ನೋಡೋಣ" ಅನ್ನುತ್ತಿದ್ದರು. ಈ ಸಲ "310 ಮೀಟರ್, ಈ ಸರ್ವೆ ನಂಬರಿನ ಬಡಗಲ ಬದು" ಅಂದೆವು. ಅದಕ್ಕ "ನೋಡೋಣ" ಅನ್ನೋದು ಅವರಿಗೆ ಅಷ್ಟು ಸುಲಭ ಆಗಲಿಲ್ಲ.

ಐದನೇ ಇಯತ್ತೆ. ತಾಲೂಕು, ಜಿಲ್ಲೆ, ನದಿ. ನಾವು ಕೃಷ್ಣೆ ಹಿಡ್ಕೊಂಡು ಹೋಗ್ತೀವಿ. ಜಮಖಂಡಿಗೆ ಕೃಷ್ಣಾ, ಮುಧೋಳಕ್ಕೆ ಘಟಪ್ರಭಾ, ಎರಡೂ ಬೀಳಗಿ ತಾಲೂಕಿನ ಚಿಕ್ಕಸಂಗಮದ ಹತ್ತಿರ ಕೂಡ್ತಾವ. ಅಲ್ಲಿಂದ ಮುಂದೆ ಆಲಮಟ್ಟಿ ಹಿನ್ನೀರು. ಪುಸ್ತಕದಲ್ಲಿ ನದಿ ಅಂದರೆ ನೀಲಿ ಗೆರೆ. ನಮಗೆ ನದಿ ಅಂದರೆ 2005, 2019ರ ಆಗಸ್ಟ್. ಪ್ರವಾಹ ಬಂದಾಗ ಮೊದಲು ಮುಳುಗಿದ್ದು ಯಾವ ಓಣಿ, ಕಡೆಗೆ ನೀರು ಇಳಿದದ್ದು ಯಾವ ಓಣಿಯಿಂದ? ಗೋಡೆ ಮೇಲಿನ ನೀರಿನ ಗುರುತನ್ನು ಮಕ್ಕಳು ಮನೆ ಮನೆಗೆ ಹೋಗಿ ಅಳೆದರು. ಒಂದೇ ಎತ್ತರದ ಮನೆಗಳನ್ನು ದಾರ ಹಿಡಿದು ಜೋಡಿಸಿದರು. ಆ ದಾರಕ್ಕೆ ಪುಸ್ತಕದಲ್ಲಿ ಸಮೋನ್ನತಿ ರೇಖೆ ಅಂತ ಹೆಸರು. ಹೈಸ್ಕೂಲಿನ ಹುಡುಗರಿಗೇ ತಲೆಗೆ ಹೋಗದ ಪಾಠ ಅದು. ನಮ್ಮ ಐದನೆಯವರಿಗೆ ಒಂದು ಮಧ್ಯಾಹ್ನದಲ್ಲಿ ತಿಳಿಯಿತು. ತಗ್ಗಿನ ನೆಲ ಯಾರ ಪಾಲಿಗೆ ಬಂದೈತಿ ಅನ್ನೋದು ಸಹ ತಿಳಿಯಿತು.

ಆಲಮಟ್ಟಿಯೂ ಇದೇ ಪಾಠ. ಜಲಾಶಯದ ಈಗಿನ ಮಟ್ಟ 519.6 ಮೀಟರ್. ಅದನ್ನು 524.256 ಮೀಟರಿಗೆ ಏರಿಸಲು 2010ರಲ್ಲಿ ಎರಡನೇ ಕೃಷ್ಣಾ ನ್ಯಾಯಮಂಡಳಿ ಒಪ್ಪಿಗೆ ಕೊಟ್ಟಿತು. ಪೇಪರಿನಲ್ಲಿ ಓದಿದರೆ ಎರಡು ಸಂಖ್ಯೆ, ನಡುವೆ ಬರೀ ನಾಲ್ಕೂವರೆ ಮೀಟರ್ ಚಿಲ್ಲರೆ. ನೆಲದ ಮೇಲೆ ಅದು ಊರಿಗೂರು. ಮುಳುಗಡೆ ಆದಾಗ ಹೊಲ ಇದ್ದವರಿಗೆ ಎಕರೆ ಲೆಕ್ಕ ಐತಿ. ಆ ಹೊಲದಲ್ಲಿ ಮೂರು ತಲೆಮಾರು ಕೂಲಿ ಮಾಡಿದವರ ಕೂಲಿ ಮುಳುಗಿದರೆ ಅದಕ್ಕೆ ಯಾವ ಎಕರೆ ಲೆಕ್ಕ? ಮಕ್ಕಳಿಗೆ ಉತ್ತರ ಹೇಳೋದಿಲ್ಲ ನಾವು. ಪ್ರಶ್ನೆ ಬರೆದುಕೊಳ್ಳಿ ಅಂತೀವಿ.

ಇದೇ ನದಿಗೆ ಇನ್ನೊಂದು ಪಾಠವೂ ಐತಿ. ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ದುಡ್ಡು, ದುಡಿಮೆ ಕೂಡಿಸಿ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರ ಅಂತ ಹೆಸರಾಯಿತು. ಜನ ಕೂಡಿದರೆ ನಕ್ಷೆ ಬದಲಾಗುತ್ತದೆ ಅನ್ನುವುದಕ್ಕೆ ನಮ್ಮ ಕಣ್ಣೆದುರಿನ ಸಾಕ್ಷಿ. ಮಕ್ಕಳಿಗೆ ಹೆಮ್ಮೆಯಿಂದ ತೋರಿಸ್ತೀವಿ. ಆ ನೀರು ಯಾರ ಯಾರ ಹೊಲಕ್ಕೆ ಹರಿಯಿತು, ಹೊಲವೇ ಇಲ್ಲದವನಿಗೆ ನೀರಾವರಿ ಅಂದರೆ ಏನು ಅನ್ನೋದನ್ನೂ ಅದೇ ದಂಡೆ ಮೇಲೆ ನಿಂತು ಮಾತಾಡ್ತೀವಿ.

ಇಲ್ಲೇ ದುಡಿಮೆಯ ಭೂಗೋಳವೂ ಬರುತ್ತದೆ. ರಬಕವಿ-ಬನಹಟ್ಟಿಯ ಮಕ್ಕಳಾದರೆ ಒಂದು ಸೀರೆ ಹಿಡ್ಕೊಂಡು ಹಿಂದಕ್ಕೆ ಹೋಗಬಹುದು. ಮಗ್ಗ, ಕಂಡಿಕಿ, ಬಣ್ಣ, ನೂಲು, ಹತ್ತಿ. ಪ್ರತಿ ಹೆಜ್ಜೆಗೂ ಒಂದು ಊರು, ಒಂದು ಕೂಲಿ ದರ. ಮುಧೋಳ ಕಡೆಯ ಮಕ್ಕಳಿಗೆ ಕಬ್ಬಿನ ಗ್ಯಾಂಗು. ದೂರದ ಬೀಡ ಜಿಲ್ಲೆಯಿಂದ, ವಿಜಯಪುರ ಕಡೆಯಿಂದ ಬಂದು ಟೆಂಟು ಹಾಕಿದವರ ಮಕ್ಕಳನ್ನು ಕರೆದು ಅವರ ಹಾದಿಯನ್ನು ನಕ್ಷೆ ಮೇಲೆ ಗೆರೆ ಎಳೆಸಿದೆವು. ನಮ್ಮ ಕೇರಿಯಿಂದ ಗೋವಾ, ಮಂಗಳೂರಿಗೆ ಗಾರೆ ಕೆಲಸಕ್ಕೆ ಹೋದವರ ಗೆರೆಯೂ ಸೇರಿತು. "ನಮ್ಮಪ್ಪ ಎಲ್ಲಿ ಅದಾನ" ಅಂತ ಬೆರಳಿಟ್ಟು ತೋರಿಸಿದ ಹುಡುಗಿಗೆ ಕರ್ನಾಟಕದ ಕರಾವಳಿ ಇನ್ನು ಮರೆಯೋದಿಲ್ಲ.

ದೂರದ ಜಗತ್ತನ್ನು ನಾವು ಏಳನೆಯದರ ತನಕ ಕಾಯಿಸೋದೂ ಇಲ್ಲ. ಬಾಬಾಸಾಹೇಬರ ಬದುಕೇ ನಮ್ಮ ಅಟ್ಲಾಸು. 1891, ಮ್ಹೌ. 1913, ನ್ಯೂಯಾರ್ಕಿನ ಕೊಲಂಬಿಯಾ. ಆಮೇಲೆ ಲಂಡನ್. 1927, ಮಹಾಡ. 1956, ನಾಗಪುರ. ಅದರ ನಡುವೆ ಸತಾರಾ. ಕೃಷ್ಣೆ ಹುಟ್ಟುವ ಮಹಾಬಳೇಶ್ವರ ಸತಾರಾ ಜಿಲ್ಲೆಯಲ್ಲೇ ಐತಿ. ಬಾಲಕ ಭೀಮರಾವ್ ಅಣ್ಣನ ಜೊತೆ ತಂದೆಯನ್ನು ನೋಡಲು ಕೋರೆಗಾಂವಕ್ಕೆ ಹೊರಟದ್ದು, ಮಸೂರ ಸ್ಟೇಶನ್ನಿನಲ್ಲಿ ಇಳಿದದ್ದು, ಜಾತಿ ಗೊತ್ತಾದ ಮೇಲೆ ಬಂಡಿಯವನು ದುಪ್ಪಟ್ಟು ಬಾಡಿಗೆ ತಗೊಂಡು ಬಂಡಿಯನ್ನು ಇವರ ಕೈಲೇ ಹೊಡೆಸಿದ್ದು, ಇಡೀ ರಾತ್ರಿ ಕುಡಿಯಲು ನೀರು ಸಿಗದೇ ಹೋದದ್ದು, ಇದನ್ನೆಲ್ಲ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರೇ ಬರೆದಿದ್ದಾರೆ. ನಾವು ಆ ಹಾದಿಯನ್ನು ನಕ್ಷೆ ಮೇಲೆ ತೋರಿಸಿ, ಅಲ್ಲಿಂದ ಕೃಷ್ಣೆಯ ಗೆರೆ ಹಿಡಿದು ಬೆರಳು ಜಾರಿಸುತ್ತಾ ಜಮಖಂಡಿಗೆ ಬರ್ತೀವಿ. ಅದೇ ನೀರು. ಮಕ್ಕಳು ಸುಮ್ಮನಾಗ್ತಾವ.

ಆರು, ಏಳನೇ ಇಯತ್ತೆ. ಗೋಳ, ಅಕ್ಷಾಂಶ, ಸೂರ್ಯ. ಇದನ್ನು ಬಹಳ ಮಾಸ್ತರರು ಬಾಯಿಪಾಠಕ್ಕೆ ಬಿಟ್ಟುಬಿಡ್ತಾರ. ಒಂದು ಮೀಟರಿನ ನೆಟ್ಟನೆ ಕೋಲು ಸಾಕು. ಮಾರ್ಚ್ 21ರ ಆಸುಪಾಸು ಬಯಲಿನಲ್ಲಿ ಕೋಲು ನೆಡ್ರಿ. ಅತಿ ಗಿಡ್ಡ ನೆರಳು ಬೀಳೋದು ಹನ್ನೆರಡಕ್ಕಲ್ಲ, ನಮ್ಮ ಕಡೆ ಹನ್ನೆರಡೂವರೆ ದಾಟಿದ ಮೇಲೆ. ಯಾಕಂದರೆ ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕಕ್ಕೆ, ನಾವಿರೋದು ಅದಕ್ಕಿಂತ ಪಡುವಲಕ್ಕೆ, 75 ಡಿಗ್ರಿ ಚಿಲ್ಲರೆ. ಆ ದಿನದ ನೆರಳು ಸುಮಾರು 30 ಸೆಂಟಿಮೀಟರ್ ಬರಬೇಕು. ಅದರಿಂದ ಕೋನ ತೆಗೆದರೆ ಹದಿನಾರೂವರೆ ಡಿಗ್ರಿ. ಅದೇ ಜಮಖಂಡಿಯ ಅಕ್ಷಾಂಶ! ಒಂದು ಡಿಗ್ರಿಗೆ ಸುಮಾರು 111 ಕಿಲೋಮೀಟರ್ ಹಿಡಿದರೆ ಸಮಭಾಜಕ ವೃತ್ತ ನಮ್ಮಿಂದ ಸುಮಾರು 1830 ಕಿಲೋಮೀಟರ್ ದಕ್ಷಿಣಕ್ಕೆ. ಕೋಲು ನೆಟ್ಟ ಜಾಗ ಬಿಟ್ಟು ಕದಲದೆ ಭೂಮಿಯ ಅಳತೆ ಸಿಕ್ಕಿತು.

ಇನ್ನೊಂದು ಐತಿ. ಮೇ ಮೊದಲ ವಾರ ಒಮ್ಮೆ, ಆಗಸ್ಟ್ ಮೊದಲ ವಾರ ಮುಗಿಯೋ ಹೊತ್ತಿಗೆ ಇನ್ನೊಮ್ಮೆ, ಸೂರ್ಯ ನಮ್ಮ ನೆತ್ತಿ ಮೇಲೆ ನೆಟ್ಟಗೆ ಬರ್ತಾನ. ಆ ಹೊತ್ತಿಗೆ ಕೋಲಿಗೆ ನೆರಳೇ ಇರೋದಿಲ್ಲ. ನಿಂತ ಮನುಷ್ಯನ ನೆರಳು ಅವನ ಕಾಲ ಕೆಳಗೇ ಮುಚ್ಚಿಹೋಗತೈತಿ. ಗೌಡನದ್ದೂ ಹಂಗ, ನಮ್ಮದೂ ಹಂಗ.

ನೆರಳಿನ ಪಾಠ ನಮಗೆ ಬರೀ ವಿಜ್ಞಾನ ಅಲ್ಲ ಗೆಳೆಯರೇ. ಪೇಶ್ವೆಗಳ ಕಾಲದಲ್ಲಿ ಸವರ್ಣೀಯರು ಎದುರಿಗೆ ಬರುತ್ತಿದ್ದರೆ ಅಸ್ಪೃಶ್ಯರು ದಾರಿಯಲ್ಲಿ ನಡೆಯುವಂತಿರಲಿಲ್ಲ, ಇವರ ನೆರಳು ತಾಗಿ ಮೈಲಿಗೆ ಆದೀತು ಅಂತ. ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಇದನ್ನು ಬರೆದಿದ್ದಾರೆ. ನಮ್ಮ ಜಮಖಂಡಿ ಸಂಸ್ಥಾನ ಆಳಿದ ಪಟವರ್ಧನರು ಆ ಪೇಶ್ವೆಗಳ ಸರದಾರರ ಮನೆತನದವರೇ. ಯಾವ ನೆರಳನ್ನು ಬಚ್ಚಿಟ್ಟುಕೊಂಡು ನಮ್ಮ ಹಿರಿಯರು ದಾರಿ ನಡೆದರೋ, ಅದೇ ನೆರಳನ್ನು ಅವರ ಮರಿಮೊಮ್ಮಕ್ಕಳು ಸ್ಕೇಲಿನಿಂದ ಅಳೆದು ಭೂಮಿಯ ಲೆಕ್ಕ ತೆಗೀತಾರ. ಇದಕ್ಕಿಂತ ದೊಡ್ಡ ಪಾಠ ನನಗೆ ಗೊತ್ತಿಲ್ಲ.

"ಸಣ್ಣ ಮಕ್ಕಳ ತಲ್ಯಾಗ ಜಾತಿ ಯಾಕ ತುಂಬ್ತೀರಿ?" ಅಂತ ಕೇಳೋರು ಇರ್ತಾರ. ಒಳ್ಳೆ ಮನಸ್ಸಿನವರೂ ಕೇಳ್ತಾರ, ಅದಕ್ಕ ಉತ್ತರ ಹೇಳ್ತೀನಿ. ನಾವು ತುಂಬುತ್ತಿಲ್ರಿ. ಊರು ಕಟ್ಟಿದವರು ಮೊದಲೇ ಕಲ್ಲಲ್ಲಿ, ಗೋಡೆಯಲ್ಲಿ, ಗಟಾರದ ಇಳುಕಲಿನಲ್ಲಿ ತುಂಬಿ ಇಟ್ಟಾರ. ಮಗು ಅದನ್ನು ದಿನಾ ನಡೀತೈತಿ. ನಡೆದದ್ದನ್ನು ಕಾಗದಕ್ಕೆ ಇಳಿಸೋದಷ್ಟೇ ನಮ್ಮ ಕೆಲಸ. ಹೇಳದೇ ಬಿಟ್ಟರೆ ಮಗು ತನ್ನ ಓಣಿ ಹಂಗಿರೋದಕ್ಕೆ ತನ್ನ ಮನೆಯವರೇ ಕಾರಣ ಅಂತ ತಿಳ್ಕೋತೈತಿ. ಅಳೆದು ನೋಡಿದ ಮಗು ಹಂಗ ತಿಳ್ಕೊಳ್ಳೋದಿಲ್ಲ. ಆ ಸುಡುಗಾಡಿನ ಹಾದಿ ಬಗ್ಗೆ ಮೊದಲು ಕೇಳಿದವಳು ನಮ್ಮ ಕೇರಿಯವಳಲ್ಲ ಅನ್ನೋದನ್ನೂ ನೆನಪಿಡ್ರಿ. ಪೂರ್ತಿ ನಕ್ಷೆ ಎರಡೂ ಕಡೆಯ ಮಕ್ಕಳಿಗೆ ಬೇಕು.

ಇದು ನಾವೇ ಮೊದಲು ಮಾಡಿದ್ದೂ ಅಲ್ಲ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ವಿಲಿಯಂ ಬಂಗೀ ಅನ್ನುವ ಭೂಗೋಳ ಪ್ರಾಧ್ಯಾಪಕ ಮತ್ತು ಗ್ವೆಂಡೊಲಿನ್ ವಾರನ್ ಅನ್ನುವ ಹದಿನೆಂಟರ ಹರೆಯದ ಕಪ್ಪು ಹುಡುಗಿ ಕೂಡಿ ಓಣಿಯ ಜನಕ್ಕೇ ನಕ್ಷೆ ಮಾಡೋದು ಕಲಿಸಿದರು. ಅವರು ಮಾಡಿದ ಒಂದು ನಕ್ಷೆಯಲ್ಲಿ ಗುರುತು ಹಾಕಿದ್ದು ಬರೀ ಒಂದು ಸಂಗತಿ. ಊರ ಹೊರಗಿನ ಬಿಳಿಯರು ಕೆಲಸಕ್ಕೆ ಹೋಗಿ ಬರುವ ರಸ್ತೆಯಲ್ಲಿ ಅವರ ಕಾರುಗಳಿಗೆ ಕಪ್ಪು ಮಕ್ಕಳು ಸಿಕ್ಕ ಜಾಗಗಳು. ಬಿಡಿ ಬಿಡಿಯಾಗಿ ಅವು ಅಪಘಾತ. ನಕ್ಷೆ ಮೇಲೆ ಒಂದೇ ಸಾಲಿಗೆ ಬಂದಾಗ ಅದು ವ್ಯವಸ್ಥೆ ಅಂತ ಕಂಡಿತು. ನಮ್ಮ ಕೆಲಸವೂ ಅದೇ.

ಕೊನೆಗೆ ಮೂರು ಮಾತು, ನಮ್ಮ ಕಾರ್ಯಕರ್ತರಿಗೆ.

ಒಂದು, ನಿಮ್ಮ ನಿಮ್ಮ ಊರಿನ ಗ್ರಾಮ ನಕ್ಷೆಯ ಪ್ರತಿಯನ್ನು ಸರ್ವೆ ಕಚೇರಿಯಿಂದ ತೆಗೆಸ್ರಿ. ಜಯಂತಿಗೆ ಬ್ಯಾನರಿಗೆ ಹಾಕೋ ದುಡ್ಡಿನಲ್ಲಿ ಒಂದು ಸಣ್ಣ ಪಾಲು ಸಾಕು. ಕೇರಿಯ ಸಮುದಾಯ ಭವನದ ಗೋಡೆಗೆ ಹಚ್ಚ್ರಿ. ಹಿರಿಯರು ಇನ್ನೂ ಇರೋದರೊಳಗೆ ಹಳ್ಳ, ದಾರಿ, ಇನಾಮು ಭೂಮಿ, ಗಡಿಕಲ್ಲು ಎಲ್ಲೆಲ್ಲಿ ಅಂತ ಅವರಿಂದ ಗುರುತು ಹಾಕಿಸ್ರಿ.

ಎರಡು, ನಿಮ್ಮ ಊರ ಶಾಲೆಯ ಎಸ್‌ಡಿಎಂಸಿ ಸಭೆಗೆ ಹೋಗ್ರಿ. ಜಗಳಕ್ಕಲ್ಲ. "ನಾಲ್ಕನೇ ಇಯತ್ತೆ ಮಕ್ಕಳು ಊರಿನ ನಕ್ಷೆ ಬಿಡಿಸುವಾಗ ಎಲ್ಲಾ ಓಣಿ ನಡೆದು ನೋಡಿ ಬಿಡಿಸಲಿ" ಅಂತ ಒಂದು ಠರಾವು ಮಾಡಸ್ರಿ. ಇದನ್ನು ಬ್ಯಾಡ ಅನ್ನಲು ಯಾರ ಹತ್ತಿರವೂ ಕಾರಣ ಇರೋದಿಲ್ಲ.

ಮೂರು, ಒಂದು ಮೀಟರಿನ ಕೋಲು, ಐವತ್ತು ಮೀಟರಿನ ಟೇಪು, ಒಂದು ದಿಕ್ಸೂಚಿ. ಒಂದು ಸಂಜೆ ಶಾಲೆಗೆ ಇಷ್ಟು ಸಾಮಾನು ಸಾಕು. ಯಾರಿಗೆ ಬೇಕೋ ಕೆಳಗೆ ಬರೀರಿ, ಆಗಸ್ಟಿನಲ್ಲಿ ನೆರಳಿಲ್ಲದ ದಿನ ಬರೋದರೊಳಗೆ ಕೂಡಿ ವ್ಯವಸ್ಥೆ ಮಾಡೋಣ. ಮೋಡ ಬಂದು ಸೂರ್ಯ ಕಾಣದೇ ಹೋದರೆ ಮುಂದಿನ ಮಾರ್ಚ್‌ ಐತಿ.

ನಮ್ಮ ಮುತ್ತಜ್ಜ ಊರ ಮಣ್ಣು ತಲೆ ಮೇಲೆ ಹೊತ್ತು ಬೇರೆಯವರ ಗಡಿ ತೋರಿಸಿದ. ನಮ್ಮ ಮಕ್ಕಳು ತಮ್ಮ ಪಾಲಿನ ನೆಲ ತೋರಿಸಲಿ.

ಜೈ ಭೀಮ್.